ಹೇಬಿಯಸ್ ಕಾರ್ಪಸ್ಸೂ ಸುಗ್ರೀವಾಜ್ಞೆಯೂ

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಜವಾನರೊಬ್ಬರು ನನ್ನ ಪಾಠ ಮುಗಿಯುವವರೆಗೂ ಕೊಠಡಿಯ ಹೊರಗೆ ಕಾದಿದ್ದು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೈಗಿತ್ತರು. "ಸಾರ್, ಇದನ್ನು ಸ್ವಲ್ಪ ನೋಡಿ ಹೇಳಬೇಕು. ಎರಡು ದಿನದಿಂದ ಮನೆಯಲ್ಲಿ ಯಾರೂ ನೆಟ್ಟಗೆ ಉಂಡಿಲ್ಲ" ಎಂದರು. ಮೂರು ಪುಟದ ಇಂಗ್ಲಿಷು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಮಾತು: ಕೇವಿಯಟ್. ಪಕ್ಕದ ಮನೆಯವರಿಗೂ ಇವರಿಗೂ ಕಾಂಪೌಂಡು ಗೋಡೆಯ ವಿಷಯವಾಗಿ ಬಹುಕಾಲದ ತಕರಾರು. ಕಾಗದವನ್ನು ನೋಡಿದ ಜೆರಾಕ್ಸ್ ಅಂಗಡಿಯ ಪಂಡಿತನೊಬ್ಬ, "ಕೋರ್ಟಿನಿಂದ ಆರ್ಡರಾಗಿದೆ, ಗೋಡೆ ಹೋಯಿತೆಂದೇ ತಿಳಿಯಿರಿ" ಎಂದು ತೀರ್ಪು ಕೊಟ್ಟಿದ್ದನಂತೆ. ವಕೀಲರ ಫೀಜಿಗೆಂದು ಮನೆಯಾಕೆಯ ಎರಡು ಬಳೆಗಳು ಆಗಲೇ ಅಡವಿಗೆ ಹೋಗಿದ್ದುವು.

ಆ ಕಾಗದದಲ್ಲಿ ಏನಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ. ಈ ಸಂಗತಿಯನ್ನು ಮಿತ್ರರಾದ ವಕೀಲರೊಬ್ಬರ ಮುಂದೆ ತೋಡಿಕೊಂಡಾಗ ಅವರು ನಕ್ಕು, "ನೀವು ಕನ್ನಡ ಮೇಷ್ಟರು; ಹೀಗೆಯೇ ಹೇಳುವಿರಿ. ಲ್ಯಾಟಿನ್ ಮಾತುಗಳಿಗಿರುವ ಖಚಿತತೆ, ಗಾಂಭೀರ್ಯ ನಿಮ್ಮ ಭಾಷೆಗೆ ಎಲ್ಲಿಂದ ಬರಬೇಕು? ಶತಮಾನಗಳಿಂದ ಸವೆದು ನುಣುಪಾದ ನಾಣ್ಯಗಳು ಅವು. ಮುಟ್ಟಬೇಡಿ" ಎಂದರು. ಈ ವಾದವನ್ನು ಅವರೊಬ್ಬರೇ ಮಾಡುವುದಿಲ್ಲ. ವಿದ್ಯಾವಂತರಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದನ್ನೇ ನಂಬಿದ್ದಾರೆ. ಆದುದರಿಂದ ಇದಕ್ಕೆ ಬಹಿರಂಗವಾಗಿಯೇ ಉತ್ತರ ಕೊಡುವುದು ಒಳ್ಳೆಯದು.

ಮೊದಲು ಗಾಂಭೀರ್ಯದ ವಿಚಾರ. ನಮ್ಮ ಸಂವಿಧಾನದ 32 ನೆಯ ಮತ್ತು 226 ನೆಯ ಅನುಚ್ಛೇದಗಳನ್ನು ನೆನೆದರೆ ಐದು ರಿಟ್ಟುಗಳು ಮಂತ್ರದಂತೆ ಕಿವಿಯಲ್ಲಿ ಮೊಳಗುತ್ತವೆ: ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಕ್ವೊ ವಾರಂಟೊ, ಸರ್ಷಿಯೊರರಿ. ಮಂತ್ರವೆಂದು ಕೇಳಿದವನು ಕೈಮುಗಿಯುತ್ತಾನೆ, ಅರ್ಥವನ್ನು ಕೇಳುವುದಿಲ್ಲ. ಕೇಳಿದರೆ ಏನು ಸಿಕ್ಕೀತು? 'ರಿಟ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಬರೆದದ್ದು, ಅದಕ್ಕೂ ಹಿಂದೆ ಗೀರಿದ್ದು. ನಮ್ಮ 'ಬರಹ'ದಷ್ಟೇ ಸಾದಾ ಮಾತು. 'ಮ್ಯಾಂಡಮಸ್' ಎಂದರೆ 'ನಾವು ಅಪ್ಪಣೆ ಮಾಡುತ್ತೇವೆ.' ಅದರ ಬುಡದಲ್ಲಿರುವುದು 'ಕೈ' ಮತ್ತು 'ಕೊಡು' ಎಂಬೆರಡು ಮಾತು: ಕೆಲಸವನ್ನು ನಿನ್ನ ಕೈಗೆ ಕೊಟ್ಟಿದ್ದೇವೆ, ಅಷ್ಟೆ. (ಪಾರಸಿಯ 'ದಸ್ತಗಿರಿ'ಯಲ್ಲಿರುವ 'ದಸ್ತ್' ಕೂಡ ಕೈಯೇ. ಯಾವ ದೇಶದಲ್ಲಾಗಲಿ ಸರ್ಕಾರದ ಕೈ ಮೊದಲು ಕಾಣುತ್ತದೆ.) 'ಕ್ವೊ ವಾರಂಟೊ' ಎಂದರೆ 'ಯಾವ ಅಧಿಕಾರದಿಂದ?' 'ಸರ್ಷಿಯೊರರಿ' ಎಂದರೆ ತಿಳಿಯಪಡಿಸಿಕೊಳ್ಳುವುದು. 'ಸಬ್‌ಪೀನಾ' ಎಂದರೆ 'ದಂಡದ ಕೆಳಗೆ,' ಬಾರದಿದ್ದರೆ ದಂಡ ಬಿದ್ದೀತೆಂಬ ಗದರಿಕೆ. 'ಅಫಿಡವಿಟ್' ಎಂದರೆ 'ಆಣೆಯಿಟ್ಟು ಹೇಳಿದ್ದಾನೆ'; ಅದೂ ಸಿಸೆರೊನ ಲ್ಯಾಟಿನ್ನಲ್ಲ, ಮಧ್ಯಯುಗದ ಗುಮಾಸ್ತೆಗಳ ಲ್ಯಾಟಿನ್ನು. ಈ ಪೈಕಿ ಹಲವು ಹೆಸರುಗಳು ಹುಟ್ಟಿದ್ದು ಹೇಗೆಂದರೆ, ಆಜ್ಞಾಪತ್ರದ ಒಕ್ಕಣೆಯಲ್ಲಿ ಎದ್ದು ಕಾಣುವ ಒಂದೆರಡು ಮಾತನ್ನೇ ಗುಮಾಸ್ತೆಗಳು ಅದರ ಹೆಸರಾಗಿ ಕರೆದರು. ದಾಸರ ಪದವನ್ನು ಅದರ ಮೊದಲ ಮಾತಿನಿಂದ ನಾವು ಗುರುತಿಸುವುದಿಲ್ಲವೆ, ಹಾಗೆ.

ಇನ್ನು 'ಆರ್ಡರ್.' ಲ್ಯಾಟಿನ್ನಿನ 'ಆರ್ಡೊ' ಎಂದರೆ ಸಾಲು. ಅದು ಮೊದಲು ಮಗ್ಗದ ಮೇಲೆ ಹೂಡಿದ ನೂಲಿನ ಸಾಲು ಎನ್ನುತ್ತಾರೆ. ನೇಕಾರನ ಹಾಸು! ಅಲ್ಲಿಂದ 'ಆರ್ಡಿನೆನ್ಸ್.' 'ವಾರಂಟು' ಲ್ಯಾಟಿನ್ನೇ ಅಲ್ಲ, ಜರ್ಮಾನಿಕ್ ಮೂಲದ್ದು. ನಾರ್ಮನ್ನರ ಬಾಯಲ್ಲಿ 'ವ'ಕಾರವಾಗಿ ಉಳಿದದ್ದು ಪ್ಯಾರಿಸಿನವರ ಬಾಯಲ್ಲಿ 'ಗ'ಕಾರವಾಗಿ 'ಗ್ಯಾರಂಟಿ' ಎನಿಸಿಕೊಂಡಿತು. 2023 ರಿಂದೀಚೆಗೆ ಗ್ಯಾರಂಟಿ ಎಂಬ ಮಾತನ್ನರಿಯದ ಮನೆ ಈ ರಾಜ್ಯದಲ್ಲಿಲ್ಲ; ವಾರಂಟು ಅದರ ಒಡಹುಟ್ಟು ಎಂಬುದನ್ನು ಅರಿತವರು ಕಡಿಮೆ. 'ಗೆಜೆಟ್ಟು' ವೆನಿಸಿನ ಒಂದು ಚಿಲ್ಲರೆ ನಾಣ್ಯದ ಹೆಸರು. ಸುದ್ದಿಯ ಹಾಳೆಗೆ ಅಲ್ಲಿ ಆ ಕಾಸು ತೆರಬೇಕಾಗಿತ್ತು. ಗೆಜೆಟೆಡ್ ಅಧಿಕಾರಿಗಳು ಮನ್ನಿಸಬೇಕು.

ಹೀಗೆ ನೋಡಿದರೆ ಇವೆಲ್ಲ ಕೈ, ನೂಲು, ಕಾಸು, ಆಣೆ, ಗದರಿಕೆ, ಮನೆಬಳಕೆಯ ಮಾತುಗಳು. ಗಾಂಭೀರ್ಯ ಇವುಗಳ ಒಳಗಿನದಲ್ಲ, ನಮ್ಮ ಅಜ್ಞಾನ ಹೊದಿಸಿದ ಶಾಲು.

ಎರಡನೆಯ ವಾದ ಪರಂಪರೆಯದು. ಅದನ್ನೂ ಇಂಗ್ಲೆಂಡಿನ ಚರಿತ್ರೆಯಿಂದಲೇ ಪರೀಕ್ಷಿಸೋಣ. 1066 ರಲ್ಲಿ ನಾರ್ಮನ್ ವಿಲಿಯಂ ಆ ದೇಶವನ್ನು ಗೆಲ್ಲುವ ಮೊದಲು ಅಲ್ಲಿಯ ಅರಸರು ರಿಟ್ಟುಗಳನ್ನು ಬರೆಯಿಸುತ್ತಿದ್ದುದು ಅವರದೇ ಇಂಗ್ಲಿಷಿನಲ್ಲಿ. ವಿಲಿಯಮನೂ ಮೊದಲು ಕೆಲಕಾಲ ಹಾಗೆಯೇ ಮಾಡಿ, 1070 ರ ಸುಮಾರಿಗೆ ಲ್ಯಾಟಿನ್ನಿಗೆ ತಿರುಗಿದ. ಅಂದರೆ ಆಜ್ಞೆಗೆ ಲ್ಯಾಟಿನ್ ಬಂದದ್ದು ಖಚಿತತೆಗಾಗಿ ಅಲ್ಲ, ಸೋಲಿನಿಂದ. ಮುಂದೆ ನ್ಯಾಯಾಲಯದ ವಾದವೆಲ್ಲ ಫ್ರೆಂಚಿನಲ್ಲಿ, ದಾಖಲೆಯೆಲ್ಲ ಲ್ಯಾಟಿನ್ನಿನಲ್ಲಿ. ಪ್ರಜೆಗಳಿಗೆ ತಿಳಿಯದೆಂದು 1362 ರಲ್ಲಿ, ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಒಂದು ಶಾಸನವನ್ನು ಮಾಡಿದರು. ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ! ಕನ್ನಡವನ್ನು ಕಡ್ಡಾಯವಾಗಿ ಬಳಸಬೇಕೆಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವ ನಮ್ಮ ಅಧಿಕಾರಿಗಳಿಗೆ ಇಷ್ಟು ಹಳೆಯ ಪೂರ್ವಿಕರಿದ್ದಾರೆಂಬುದು ಸಮಾಧಾನದ ಸಂಗತಿ. 1650 ರಲ್ಲಿ, ಅರಸನಿಲ್ಲದ ಕಾಲದಲ್ಲಿ, ಎಲ್ಲವನ್ನೂ ಇಂಗ್ಲಿಷಿಗೆ ತಂದರು; 1660 ರಲ್ಲಿ ಅರಸ ಹಿಂದಿರುಗಿದೊಡನೆ ಲ್ಯಾಟಿನ್ನೂ ಹಿಂದಿರುಗಿತು. ಕಡೆಗೆ 1731 ರ ಶಾಸನ 1733 ರ ಮಾರ್ಚಿಯಿಂದ ಜಾರಿಗೆ ಬಂದು ಲ್ಯಾಟಿನ್ನನ್ನು ಹೊರಗಟ್ಟಿತು. ಆದರೆ ಗುಮಾಸ್ತೆಗಳು ಸುಮ್ಮನಿರುವರೆ? ಅದೇ ವರ್ಷ ಇನ್ನೊಂದು ಶಾಸನದ ಮೂಲಕ, ರಿಟ್ಟುಗಳ ಹೆಸರು ಮೊದಲಾದ ಪಾರಿಭಾಷಿಕ ಪದಗಳು ಹಿಂದಿನಂತೆಯೇ ಇರಬಹುದೆಂಬ ಕಿಂಡಿ ತೆರೆಯಿತು. ಹೇಬಿಯಸ್ ಕಾರ್ಪಸ್ ಆ ಕಿಂಡಿಯಲ್ಲಿ ಉಳಿದು, ಹಡಗನ್ನೇರಿ, ನಮ್ಮ ದೇಶಕ್ಕೆ ಬಂದಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಇಂಗ್ಲೆಂಡಿನಲ್ಲಿ 1999 ರಲ್ಲಿ ಸಿವಿಲ್ ವ್ಯವಹಾರದ ಹೊಸ ನಿಯಮಗಳು ಬಂದಾಗ ದಾವೆ ಹೂಡುವ 'ರಿಟ್' ಹೋಗಿ 'ಕ್ಲೇಮ್ ಫಾರಂ' ಬಂದಿತು; 'ಸಬ್‌ಪೀನಾ' ಹೋಗಿ 'ಸಾಕ್ಷಿಯ ಸಮನ್ಸು' ಬಂದಿತು. ಅದರ ಬೆನ್ನಿಗೇ ಮ್ಯಾಂಡಮಸ್ಸು 'ಮಾಡಲೇಬೇಕೆಂಬ ಆಜ್ಞೆ'ಯಾಯಿತು, ಸರ್ಷಿಯೊರರಿ 'ರದ್ದುಪಡಿಸುವ ಆಜ್ಞೆ'ಯಾಯಿತು. 2004 ರಲ್ಲಿ ಮೂಲ ಶಾಸನದಲ್ಲಿಯೇ ಈ ಹೆಸರುಗಳನ್ನು ತಿದ್ದಿದರು. ಅಲ್ಲಿ ಯಾವ ನ್ಯಾಯಾಲಯದ ಛಾವಣಿಯೂ ಕುಸಿದು ಬೀಳಲಿಲ್ಲ. ತವರಿನವರೇ ಗಂಟುಕಟ್ಟಿ ಅಟ್ಟಕ್ಕೆ ಹಾಕಿದ ಪಾತ್ರೆಯನ್ನು ನಾವು ದಿನಾ ಹುಣಿಸೆಹಣ್ಣು ಹಚ್ಚಿ ಬೆಳಗುತ್ತಿದ್ದೇವೆ.

ವಕೀಲ ಮಿತ್ರರು ಇಲ್ಲೊಂದು ಬಾಣ ಬಿಡಬಹುದು. ಹದಿನೆಂಟನೆಯ ಶತಮಾನದ ಬ್ಲ್ಯಾಕ್‌ಸ್ಟನ್ ಎಂಬ ದೊಡ್ಡ ನ್ಯಾಯಪಂಡಿತನು, ಲ್ಯಾಟಿನ್ನನ್ನು ತೆಗೆದು ಇಷ್ಟು ವರ್ಷವಾದರೂ ಕಾನೂನಿನ ವಿಷಯದಲ್ಲಿ ಜನ ಮೊದಲಿನಷ್ಟೇ ಅಜ್ಞಾನಿಗಳಾಗಿದ್ದಾರೆಂದು ಬರೆದನಷ್ಟೆ? ನಿಜ. ಬ್ಲ್ಯಾಕ್‌ಸ್ಟನ್ನನ ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಏಕೆಂದರೆ ಅದು ತಗುಲುವುದು ವಕೀಲರಿಗಿಂತ ಹೆಚ್ಚಾಗಿ ನಮ್ಮವರಿಗೆ, ಅಂದರೆ ಭಾಷಾ ಪಂಡಿತರಿಗೆ. ಭಾಷೆಯನ್ನು ಬದಲಾಯಿಸಿದ ಮಾತ್ರಕ್ಕೆ ಅರ್ಥ ತಿಳಿಯುವುದಿಲ್ಲ. ಹಿಂದಿಯ ಸಂವಿಧಾನದಲ್ಲಿ ಹೇಬಿಯಸ್ ಕಾರ್ಪಸ್ಸನ್ನು 'ಬಂದೀ ಪ್ರತ್ಯಕ್ಷೀಕರಣ' ಎಂದರು, ಮ್ಯಾಂಡಮಸ್ಸನ್ನು 'ಪರಮಾದೇಶ' ಎಂದರು. ನಾವು ಅದನ್ನೇ ತಂದು ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚು ಹಾಕಿಸಿದೆವು. ಪರೀಕ್ಷೆಯಲ್ಲಿ ಹುಡುಗರು ಬರೆಯುತ್ತಾರೆ, ಅಂಕ ಪಡೆಯುತ್ತಾರೆ, ಮರೆಯುತ್ತಾರೆ. ಮಗನನ್ನು ರಾತ್ರಿ ಯಾರೋ ಜೀಪಿನಲ್ಲಿ ಕರೆದೊಯ್ದರೆಂದು ಅಳುವ ತಾಯಿಗೆ 'ಪ್ರತ್ಯಕ್ಷೀಕರಣ' ಎಂದರೂ ಒಂದೇ, 'ಕಾರ್ಪಸ್' ಎಂದರೂ ಒಂದೇ. ದೇವರು ಪ್ರತ್ಯಕ್ಷನಾಗುವುದನ್ನು ಆಕೆ ಕೇಳಿದ್ದಾಳೆ. ಮಗ ಪ್ರತ್ಯಕ್ಷೀಕರಣವಾಗುವುದನ್ನು ಕೇಳಿಲ್ಲ.

ಆ ಲ್ಯಾಟಿನ್ ಮಾತು ನಿಜವಾಗಿ ಹೇಳುವುದಾದರೂ ಏನು? 'ಆ ದೇಹವನ್ನು ನೀನು ತರತಕ್ಕದ್ದು.' ಅರಸನ ನ್ಯಾಯಾಲಯವು ಸೆರೆಯಾಳನ್ನು ಹಿಡಿದಿಟ್ಟವನಿಗೆ ನೇರವಾಗಿ ಆಡಿದ ಮಾತು. ಮೊದಮೊದಲು ಅದು ಬಿಡುಗಡೆಯ ಸಾಧನವೂ ಆಗಿರಲಿಲ್ಲ. ಬೇಕಾದವನನ್ನು ಕೋರ್ಟಿಗೆ ಎಳೆತರಿಸುವ ಬರಿಯ ಹುಕುಂ ಆಗಿತ್ತು. ಕಾಲಕ್ರಮದಲ್ಲಿ ಅದೇ ಹುಕುಂ ಸೆರೆಮನೆಯ ಬೀಗದ ಕೈಯಾಗಿ, 1679 ರಲ್ಲಿ ಶಾಸನದ ಬಲವನ್ನೂ ಪಡೆಯಿತು. ಆ ತಾಯಿ ಕೇಳಬೇಕಾದುದೂ ಅದನ್ನೇ: ನನ್ನ ಮಗನನ್ನು ತಂದು ತೋರಿಸಿ. ಅವಳ ಬಾಯಲ್ಲಿ ಆಗಲೇ ಇರುವ ಮಾತನ್ನು ಕಿತ್ತುಕೊಂಡು, ಅದಕ್ಕೆ ಲ್ಯಾಟಿನ್ ಮುಸುಕನ್ನೋ ಸಂಸ್ಕೃತದ ಮುಸುಕನ್ನೋ ಹಾಕಿ, ಆಮೇಲೆ ಅವಳಿಗೇ ಮಾರುತ್ತೇವೆ.

1975 ರ ಜೂನ್ 26 ರಂದು ಬೆಂಗಳೂರಿನಲ್ಲಿ ದಸ್ತಗಿರಿಯಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಇದೇ ರಿಟ್ಟನ್ನು ಕೇಳಿ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೇರಿದ್ದರು. ಬೇರೆ ಬೇರೆ ಹೈಕೋರ್ಟುಗಳಲ್ಲಿ ಎದ್ದ ಈ ಪ್ರಶ್ನೆ ಸುಪ್ರೀಂ ಕೋರ್ಟನ್ನು ತಲುಪಿ, 1976 ರ ಏಪ್ರಿಲ್ 28 ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವನು ಆ ರಿಟ್ಟನ್ನು ಕೇಳಲಾರನೆಂದರು. ಎಚ್.ಆರ್. ಖನ್ನಾ ಒಬ್ಬರು ಒಪ್ಪಲಿಲ್ಲ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಸಾರಿದುದು 2017 ರಲ್ಲಿ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಲ್ಯಾಟಿನ್ನಿನಲ್ಲಿಯೇ ಏನೋ ಶಕ್ತಿಯಿದೆಯೆಂದು ನಂಬುವವರು ಇದನ್ನು ನೆನೆಯಬೇಕು. ನಾಲ್ವರ ಮುಂದೆಯೂ ಒಬ್ಬರ ಮುಂದೆಯೂ ಇದ್ದುದು ಅದೇ ಎರಡು ಪದ.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರು. ಗಂಗ, ಚಾಲುಕ್ಯ, ರಾಷ್ಟ್ರಕೂಟರ ದಾನಶಾಸನಗಳನ್ನು ನೋಡಿ. ಅರಸನ ವಂಶಾವಳಿ, ಬಿರುದು, ಹೊಗಳಿಕೆ ಎಲ್ಲ ಎಷ್ಟೋ ಕಡೆ ಸಂಸ್ಕೃತದಲ್ಲಿರುತ್ತದೆ. ಭೂಮಿಯ ಎಲ್ಲೆಯನ್ನು ಹೇಳುವ ಜಾಗ ಬಂತೋ, ಕನ್ನಡ ಬಂತು. ಮೂಡಲ ದಿಕ್ಕಿಗೆ ಯಾವ ಕೆರೆ, ತೆಂಕಲಿಗೆ ಯಾವ ಹುಣಿಸೆಮರ, ಯಾವ ಹಳ್ಳ, ಯಾವ ನಟ್ಟ ಕಲ್ಲು! ಅರಸನ ಪ್ರತಾಪ ರೈತನಿಗೆ ತಿಳಿಯದಿದ್ದರೆ ಯಾರಿಗೂ ನಷ್ಟವಿಲ್ಲ. ಎಲ್ಲೆ ತಿಳಿಯದಿದ್ದರೆ ಹೊಡೆದಾಟ. ಕೊನೆಗೆ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ನಮ್ಮ 'ಸಬ್‌ಪೀನಾ' ಅದೇ.

ಈಗ ನಾವು ಮಾಡುತ್ತಿರುವುದು ಇದಕ್ಕೆ ತಲೆಕೆಳಗು. 1963 ರಲ್ಲಿಯೇ ರಾಜಭಾಷೆಯ ಅಧಿನಿಯಮವಾಯಿತು. ಸರ್ಕಾರದ ಆದೇಶದ ಶಿರೋಭಾಗದಲ್ಲಿ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದಿರುತ್ತದೆ. ಪಾದದಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದಿರುತ್ತದೆ. ತಲೆಯೂ ಕಾಲೂ ಕನ್ನಡ. ಹೊಟ್ಟೆ ಮಾತ್ರ, ಕನ್ನಡದ ಅಕ್ಷರಗಳಲ್ಲಿದ್ದಾಗಲೂ, ಇಂಗ್ಲಿಷು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಪ್ರಸ್ತಾವನೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲವೆಂದು ತಿಳಿಸಲಾಗಿದೆ.' ಪರಿಶೀಲಿಸಿದವರು ಯಾರು? ಅವಕಾಶವಿಲ್ಲವೆಂದವರು ಯಾರು? ತಿಳಿಸಿದವರು ಯಾರು? ಕರ್ತೃವಿಲ್ಲದ ವಾಕ್ಯ, ತಲೆಯಿಲ್ಲದ ಮುಂಡ ಕತ್ತಿ ಹಿಡಿದು ನಡೆದಂತೆ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ವ್ಯಾಕರಣದಲ್ಲಿದೆ, ನಾಲಗೆಯಲ್ಲಿಲ್ಲ. 'ನನ್ನಿಂದ ಊಟ ಮಾಡಲ್ಪಟ್ಟಿತು' ಎನ್ನುವವನನ್ನು ನಾವು ಆಸ್ಪತ್ರೆಗೆ ಕಳುಹಿಸುತ್ತೇವೆ. 'ಆದೇಶಿಸಲಾಗಿದೆ' ಎನ್ನುವವನಿಗೆ ಬಡ್ತಿ ಕೊಡುತ್ತೇವೆ. ಈ ಒಂದು ವಿಷಯದಲ್ಲಿ ಲ್ಯಾಟಿನ್ನಿನ ಮುಂದೆ ನಾನು ತಲೆಬಾಗುತ್ತೇನೆ. 'ಮ್ಯಾಂಡಮಸ್' ಎಂಬುದರ ಕೊನೆಯ 'ಮಸ್' ಎಂದರೆ 'ನಾವು.' ಅಪ್ಪಣೆ ಮಾಡಿದವನು ಕ್ರಿಯಾಪದದ ಬಾಲದಲ್ಲಿಯೇ ನಿಂತಿದ್ದಾನೆ, ಓಡಿಹೋಗಿಲ್ಲ.

ಪರಭಾಷೆಯ ಪದವೆಂದರೆ ನನಗೆ ಮೈಲಿಗೆಯೆಂದು ಯಾರೂ ತಿಳಿಯಬಾರದು. 'ಹುಕುಂ' ಅರಬ್ಬಿ, 'ಫರ್ಮಾನು' ಪಾರಸಿ. 'ಜಾರಿ' ಎಂದರೆ ಅರಬ್ಬಿಯಲ್ಲಿ ಹರಿಯುವುದು. ಆಜ್ಞೆ ನೀರಿನಂತೆ ಊರೂರಿಗೆ ಹರಿಯಬೇಕೆಂಬ ಆ ಕಲ್ಪನೆ ಎಷ್ಟು ಸೊಗಸು! 'ಮಂಜೂರು' ಎಂದರೆ ಕಣ್ಣಿಗೆ ಬಿದ್ದು ಒಪ್ಪಿಗೆಯಾದದ್ದು. ಅರ್ಜಿ ಕೊಟ್ಟ ಯಾರನ್ನಾದರೂ ಕೇಳಿ, ಸಾಹೇಬರ ಕಣ್ಣಿಗೆ ಬೀಳುವುದೇ ಮುಕ್ಕಾಲು ಮಂಜೂರಾತಿ. 'ಬಗರ್ ಹುಕುಂ' ಎಂಬ ಮಾತು ಹುಕುಮಿಲ್ಲದೆ ಸರ್ಕಾರಿ ಜಮೀನನ್ನು ಉಳುವವನ ಪಾಡನ್ನು ಎರಡು ಪದದಲ್ಲಿ ಹೇಳುತ್ತದೆ. ಅಕ್ಷರ ಬಾರದ ಮುದುಕಿಗೂ ಅದರ ಅರ್ಥ ಗೊತ್ತು, ಏಕೆಂದರೆ ಅವಳ ಎರಡೆಕರೆ ಅದರ ಮೇಲೆ ನಿಂತಿದೆ. ಅದನ್ನು 'ಅನಧಿಕೃತ ಸಾಗುವಳಿ' ಎಂದು ಶುದ್ಧೀಕರಿಸಿದವರು ಅವಳನ್ನು ಅಪರಾಧಿಯಾಗಿ ಮಾಡಿದರು, ಅಷ್ಟೆ. ಹಾಗೆಯೇ ವಾರಂಟು, ಸಮನ್ಸು, ಜಾಮೀನು. ಇವು ಈಗ ಕನ್ನಡವೇ. ನಿಷೇಧಾಜ್ಞೆಯನ್ನು ಜನ 'ನೂರನಲವತ್ತನಾಲ್ಕು' ಎಂದೇ ಕರೆದರು; 2024 ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು 163 ನೆಯ ಕಲಮಾಗಿದೆ, ಜನರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಇದೆ.

ನಮ್ಮವರು ಗೆದ್ದ ಕಡೆಗಳೂ ಇಲ್ಲದಿಲ್ಲ. 'ಸರ್ಕ್ಯುಲರ್' ಎಂಬುದಕ್ಕೆ 'ಸುತ್ತೋಲೆ' ಎಂದವನ ಹೆಸರು ತಿಳಿದಿದ್ದರೆ ನಾನು ಅವನಿಗೊಂದು ಸನ್ಮಾನ ಮಾಡಿಸುತ್ತಿದ್ದೆ. ಸುತ್ತಿ ಬರುವ ಓಲೆ. ಲ್ಯಾಟಿನ್ನಿನ ಸುತ್ತೂ ಅದರಲ್ಲಿದೆ, ನಮ್ಮ ತಾಳೆಗರಿಯೂ ಅದರಲ್ಲಿದೆ. 'ಫೈಲಿ'ಗೆ 'ಕಡತ' ಬಂದಿತು. ಅದು ಕರಿಯ ಸರಿ ಬಳಿದು ಮಡಿಸಿಡುತ್ತಿದ್ದ ಬಟ್ಟೆಯ ಲೆಕ್ಕದ ಪುಸ್ತಕ. 'ತಡೆಯಾಜ್ಞೆ' ಎಂಬುದು ಕನ್ನಡದ 'ತಡೆ'ಗೆ ಸಂಸ್ಕೃತದ 'ಆಜ್ಞೆ'ಯನ್ನು ಗಂಟುಹಾಕಿದ ಅರಿಸಮಾಸ. ಕೇಶಿರಾಜ ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ. ಇಕ್ಕಲಿ. ನಾಡಿಗೆ ನಾಡೇ ಆ ಅರಿಸಮಾಸದ ನೆರಳಿನಲ್ಲಿ ಮನೆಮಠ ಉಳಿಸಿಕೊಂಡಿದೆ. 'ಆಣೆ' ಎಂಬುದೂ 'ಆಜ್ಞೆ'ಯ ತದ್ಭವವೇ. ಅರಸನ ಆಜ್ಞೆ ಪ್ರಾಕೃತದ ಮೂಲಕ ಇಳಿದು ಬಂದು ನಿನ್ನಾಣೆ, ದೇವರಾಣೆ ಎಂದು ಅಡಿಗೆಮನೆಯನ್ನು ಸೇರಿತು. ಅದೇ ಕಚೇರಿಯವರು 'ಅಫಿಡವಿಟ್ಟಿ'ಗೂ ಪ್ರಮಾಣಪತ್ರ, 'ಸರ್ಟಿಫಿಕೇಟಿ'ಗೂ ಪ್ರಮಾಣಪತ್ರ ಎಂದು ಬರೆದು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಜಾತಿಯ ಪ್ರಮಾಣಪತ್ರಕ್ಕೆ ಒಂದು ಪ್ರಮಾಣಪತ್ರ ಲಗತ್ತಿಸಿರೆಂದು ಜನರನ್ನು ಓಡಾಡಿಸುತ್ತಾರೆ. 'ಆಣೆಪತ್ರ' ಎಂದರೆ ಯಾರ ಗಂಟು ಹೋಗುತ್ತಿತ್ತು?

ಗೆದ್ದವುಗಳಲ್ಲೆಲ್ಲ ದೊಡ್ಡದು 'ಸುಗ್ರೀವಾಜ್ಞೆ.' ಹಿಂದಿಯವರು ಆರ್ಡಿನೆನ್ಸನ್ನು 'ಅಧ್ಯಾದೇಶ' ಎಂದು ಒಣಗಿಸಿದರೆ, ನಾವು ಕಿಷ್ಕಿಂಧೆಗೆ ಹೋದೆವು. ದೂರವೇನಲ್ಲ; ಆನೆಗೊಂದಿಯ ಬಂಡೆಗಳ ನಡುವೆ ಅದು ಇತ್ತೆಂದು ಜನ ನಂಬುತ್ತಾರೆ. ವಾಲ್ಮೀಕಿಯಲ್ಲಿ ಸುಗ್ರೀವ, ಹದಿನೈದು ರಾತ್ರಿಯೊಳಗೆ ಬಂದು ಸೇರದ ಕಪಿಗೆ ಮರಣದಂಡನೆಯೆಂದೂ, ಈ ವಿಷಯದಲ್ಲಿ ವಿಚಾರ ವಿಮರ್ಶೆ ಇಲ್ಲವೆಂದೂ ಕಟ್ಟಪ್ಪಣೆ ಮಾಡುತ್ತಾನೆ. ಸಂವಿಧಾನದ 123 ಮತ್ತು 213 ನೆಯ ಅನುಚ್ಛೇದಗಳ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಯಾವ ಲ್ಯಾಟಿನ್ ಪದ ಹೇಳೀತು? ಸದನದಲ್ಲಿ ಚರ್ಚೆಯಿಲ್ಲ, ವಿಮರ್ಶೆಯಿಲ್ಲ, ಕೂಡಲೇ ಜಾರಿ. ಪತ್ರಿಕೆಯಲ್ಲಿ 'ಸುಗ್ರೀವಾಜ್ಞೆ' ಎಂದು ಓದಿದೊಡನೆ ಕನ್ನಡಿಗನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ: ಇದು ಅವಸರದ ಅಪ್ಪಣೆ, ಇದರ ಮೇಲೆ ಕಣ್ಣಿಡಬೇಕು. ಪದವೇ ಟೀಕೆ. 'ಆರ್ಡಿನೆನ್ಸ್' ಎಂದು ಓದಿದವನಿಗೆ ನೂಲಿನ ಸಾಲು ಕಾಣುತ್ತದೆಯೆ? ಸುಗ್ರೀವನಿಗೆ ಗಡುವಿನ ಪ್ರಜ್ಞೆಯಾದರೂ ಇದ್ದಿತು. ನಮ್ಮಲ್ಲಿ ಸದನ ಮತ್ತೆ ಸೇರಿದ ಆರು ವಾರಕ್ಕೆ ಸುಗ್ರೀವಾಜ್ಞೆ ತಾನಾಗಿ ಸಾಯಬೇಕು. ಆದರೂ ಬಿಹಾರದಲ್ಲಿ 1967 ರಿಂದ 1981 ರ ವರೆಗೆ 256 ಸುಗ್ರೀವಾಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಿ, ಕೆಲವನ್ನು ಹದಿನಾಲ್ಕು ವರ್ಷ ಬದುಕಿಸಿಟ್ಟಿದ್ದರು. ಹದಿನಾಲ್ಕು ವರ್ಷ! ರಾಮಾಯಣದಲ್ಲಿ ಆ ಅವಧಿ ಬೇರೊಬ್ಬರಿಗೆ ಸಂದದ್ದು. ಅದನ್ನು ಪತ್ತೆಹಚ್ಚಿ ಸುಪ್ರೀಂ ಕೋರ್ಟಿಗೆ ಒಯ್ದು, 1986 ರಲ್ಲಿ ಅದು ಸಂವಿಧಾನಕ್ಕೆ ಮಾಡಿದ ಮೋಸವೆಂದು ಹೇಳಿಸಿದವರು ಪುಣೆಯ ಒಬ್ಬ ಅರ್ಥಶಾಸ್ತ್ರದ ಮೇಷ್ಟರು, ಡಿ.ಸಿ. ವಾಧ್ವಾ. ಮೇಷ್ಟರಿಗೆ ಕಾನೂನಿನ ಉಸಾಬರಿ ಏಕೆಂದು ಕೇಳುವವರ ಮುಂದೆ ನಾನು ಈ ಹೆಸರನ್ನು ಇಡುತ್ತೇನೆ.

ಹೈಕೋರ್ಟಿನ ಭಾಷೆ ಇಂಗ್ಲಿಷೆಂದು 348 ನೆಯ ಅನುಚ್ಛೇದ ವಿಧಿಸಿದೆ. ರಾಷ್ಟ್ರಪತಿಗಳ ಒಪ್ಪಿಗೆಯಿದ್ದರೆ ಆಯಾ ನಾಡಿನ ಭಾಷೆಗೂ ಅಲ್ಲಿ ಜಾಗವುಂಟು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳು ಹಿಂದಿಗಾಗಿ ಅದನ್ನು ಪಡೆದವು. 2024 ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಾಗ ಪತ್ರಿಕೆಗಳೆಲ್ಲ ಅದನ್ನು ದೊಡ್ಡ ಸುದ್ದಿಯಾಗಿ ಅಚ್ಚು ಮಾಡಿದವು. ಸಂತೋಷವೇ. ಆದರೆ ಕನ್ನಡ ನಾಡಿನಲ್ಲಿ ಕನ್ನಡದ ತೀರ್ಪು ಸುದ್ದಿಯಾಗುವುದೂ ಒಂದು ಸುದ್ದಿ. ಕೆಳಗಿನ ನ್ಯಾಯಾಲಯಗಳಿಗೆ ಈ ಅಡ್ಡಿಯೂ ಇಲ್ಲ. ಅಲ್ಲಿ ಕನ್ನಡಕ್ಕೆ ಬಾಗಿಲು ತೆರೆದಿದೆ, ಒಳಗೆ ಕರೆಯುವವರಿಲ್ಲ.

ಸರ್ಷಿಯೊರರಿಗೆ ಏನನ್ನುವಿರಿ ಎಂದು ವಕೀಲ ಮಿತ್ರರು ಸವಾಲು ಹಾಕಿದ್ದಾರೆ. ಮೇಲಿನ ಕೋರ್ಟು ಕೆಳಗಿನವರ ಕಡತವನ್ನು ತರಿಸಿ ನೋಡಿ, ತಪ್ಪಿದ್ದರೆ ಹೊಡೆದುಹಾಕುತ್ತದೆ. 'ಕಡತ ತರಿಸುವ ಆಜ್ಞೆ' ಎನ್ನುತ್ತೇನೆ. ಹೇಬಿಯಸ್ ಕಾರ್ಪಸ್ಸಿಗೆ 'ತಂದು ತೋರಿಸುವ ಆಜ್ಞೆ.' ಕ್ವೊ ವಾರಂಟೊವಿಗೆ 'ಯಾವ ಅಧಿಕಾರ?' ಎಂದರೆ ಸಾಕು. ಇದಕ್ಕಿಂತ ಒಳ್ಳೆಯದನ್ನು ಯಾರಾದರೂ ಹೇಳಿದರೆ ನನ್ನದನ್ನು ಹಿಂತೆಗೆದುಕೊಳ್ಳುತ್ತೇನೆ. ನಗುವವರು, 'ದೇಹವನ್ನು ತಾ' ಎಂಬುದೂ ಮೊದಲ ದಿನ ಲ್ಯಾಟಿನ್ ಬಲ್ಲವನಿಗೆ ಹೀಗೆಯೇ ಕೇಳಿಸಿದ್ದೀತೆಂಬುದನ್ನು ನೆನೆದು ನಗಲಿ.

ಜವಾನರ ಕಾಗದಕ್ಕೆ ಬರುತ್ತೇನೆ. 'ಕೇವಿಯಟ್' ಎಂದರೆ ಲ್ಯಾಟಿನ್ನಿನಲ್ಲಿ 'ಅವನು ಎಚ್ಚರವಾಗಿರಲಿ.' ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976 ರಲ್ಲಿ ಸೇರಿಸಿದ 148ಎ ಕಲಮಿನ ಪ್ರಕಾರ, ಆ ವಿಷಯದಲ್ಲಿ ಕೋರ್ಟಿನ ಮುಂದೆ ಹಾಜರಾಗುವ ಹಕ್ಕು ತನಗಿದೆಯೆನ್ನುವ ಯಾರಾದರೂ ಅದನ್ನು ಸಲ್ಲಿಸಬಹುದು. ತೊಂಬತ್ತು ದಿನ ಅದರ ಆಯುಸ್ಸು. ಅದು ಕೋರ್ಟಿನ ಆಜ್ಞೆಯೇ ಅಲ್ಲ. ಕಾಗದದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಹೀಗೆ ಬರೆದುಕೊಟ್ಟೆ: "ಗೋಡೆಯ ವಿಷಯವಾಗಿ ಇವರು ನನ್ನ ಮೇಲೆ ದಾವೆ ಹೂಡಬಹುದೆಂದು ನನಗೆ ಅನುಮಾನ. ಹೂಡಿದರೆ ನನ್ನ ಮಾತನ್ನೂ ಕೇಳದೆ ಕೋರ್ಟಿನವರು ಏನೂ ಅಪ್ಪಣೆ ಕೊಡಬಾರದು."

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ, "ಹಾಗಾದರೆ ಹೆದರಿಕೊಂಡಿರೋರು ಅವರಾ ಸಾರ್?" ಎಂದರು.

"ಹೌದಪ್ಪ, ಅವರೇ" ಎಂದೆ.

ಬಳೆಗಳನ್ನು ಬಿಡಿಸಿಕೊಂಡು ಬರಲು ಅವರಿಗೆ ಇನ್ನೂ ಆಗಿಲ್ಲ. ಅಡವಿನಂಗಡಿಯವನು ಕೊಟ್ಟ ಚೀಟಿಯೂ ಇಂಗ್ಲಿಷಿನಲ್ಲಿಯೇ ಇದೆ. ನಿನ್ನೆ ಅದನ್ನೂ ತಂದು ತೋರಿಸಿದರು.